ಚಕ್ರದ ಬೀಗ ಕಳಚಿದ್ದು ಹೇಗೆ?

ಕಾರಿನ ಚಕ್ರಕ್ಕೆ ಜಡಿಯುವ ಹಳದಿ ಬೀಗವನ್ನು ರೂಪಿಸಿದ್ದು ಒಬ್ಬ ಪಿಟೀಲು ವಾದಕ. ಅಮೆರಿಕದ ಡೆನ್ವರ್ ನಗರದ ಫ್ರಾಂಕ್ ಮರಗ್ ಅಚ್ಚು ತಯಾರಿಸುವ ಕಸುಬುದಾರ. ಅಲ್ಲಿನ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲನ್ನೂ ನುಡಿಸುತ್ತಿದ್ದರು. ತಪ್ಪು ಜಾಗದಲ್ಲಿ ನಿಂತ ಕಾರುಗಳನ್ನು ಆ ಊರಿನ ಪೊಲೀಸರು ಎಳೆದೊಯ್ದು ಇರಿಸುತ್ತಿದ್ದ ಅಂಗಳದಲ್ಲಿ ಬಿಡಿಭಾಗಗಳು ಕಳುವಾಗುತ್ತಿದ್ದವು. ಮಾಲೀಕರು ಬಂದು ಪರಿಹಾರ ಕೇಳುತ್ತಿದ್ದರು. ನಿಂತಲ್ಲೇ ಕಟ್ಟಿಹಾಕಿದರೆ ಈ ತಾಪತ್ರಯವೇ ಇರದು. 1955ರ ಜನವರಿ 5ರಂದು ಬೀಗ ಬಳಕೆಗೆ ಬಂತು. ಮೊದಲ 25 ದಿನಗಳಲ್ಲೇ 18 ಸಾವಿರ ಡಾಲರಿಗೂ ಹೆಚ್ಚು ದಂಡ ವಸೂಲಾಯಿತು.

ಅದೇ ಬೀಗ ಬ್ರಿಟನ್ನಿನ ಖಾಸಗಿ ಜಾಗಗಳಿಗೆ ಬಂದಾಗ ಕತೆಯೇ ಬೇರೆಯಾಯಿತು. ಅಂಗಡಿಯವನ ಸಂಕಟ ನಿಜವಾದದ್ದೇ. ಗಿರಾಕಿಗಳಿಗೆಂದು ಬಿಟ್ಟ ಜಾಗದಲ್ಲಿ ಯಾರೋ ಬೆಳಿಗ್ಗೆ ಕಾರು ನಿಲ್ಲಿಸಿ, ರೈಲು ಹತ್ತಿ ಹೋದರೆ ಸಂಜೆಯವರೆಗೆ ಆ ಜಾಗ ಸತ್ತಂತೆ. ಬಂದ ಗಿರಾಕಿ ಸುತ್ತು ಹೊಡೆದು ಬೇರೆ ಅಂಗಡಿಗೆ ಹೋಗುತ್ತಾನೆ. ಹಾಗಾಗಿ ಬೀಗ ಹಾಕುವ ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಿದರು. ಕೆಡುಕು ಹುಟ್ಟಿದ್ದು ಇಲ್ಲೇ. ಎಷ್ಟೋ ಗುತ್ತಿಗೆದಾರರ ಆದಾಯ ಬೀಗ ತೆಗೆಯಲು ಪಡೆಯುತ್ತಿದ್ದ ಹಣ ಮಾತ್ರವಾಗಿತ್ತು. ಜನ ತಪ್ಪು ಮಾಡದಿದ್ದರೆ ಅವರಿಗೆ ಗಳಿಕೆಯೇ ಇರುತ್ತಿರಲಿಲ್ಲ.

ಸ್ಕಾಟ್ಲೆಂಡ್ ಇದನ್ನು ಬೇಗ ಕಂಡಿತು. ಕಾರನ್ನು ಕಟ್ಟಿಹಾಕಿ ದುಡ್ಡು ಕೇಳುವುದು ಸುಲಿಗೆ ಮತ್ತು ಕಳವು ಎಂದು 1992ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಸಾರಿತು. ಇಂಗ್ಲೆಂಡ್ ಸುತ್ತುದಾರಿ ಹಿಡಿಯಿತು: ಫಲಕ ಓದಿ ಕಾರು ನಿಲ್ಲಿಸಿದವನು ಬೀಗಕ್ಕೂ ಒಪ್ಪಿದಂತೆ ಎಂಬುದು ಅಲ್ಲಿನ ನ್ಯಾಯಾಲಯದ ವಾದ. ಓದದವರ ಪಾಡೇನು? ಆ ಪ್ರಶ್ನೆಯನ್ನು 2000ದಲ್ಲಿ ಲಂಡನ್ನಿನ ಒಂದು ಪ್ರಕರಣ ಎತ್ತಿತು. ಆಸ್ಪತ್ರೆಯಿಂದ ಹೊರಟ ಮಹಿಳೆಯೊಬ್ಬರು ದಾರಿಯಲ್ಲಿ ವಾಂತಿ ಬಂದು ಕಾರು ನಿಲ್ಲಿಸಿ ಇಳಿದರು. ಎಚ್ಚರಿಕೆಯ ಫಲಕ ಪಕ್ಕದ ವಾಹನದ ಮರೆಯಲ್ಲಿತ್ತು. ತಿರುಗಿ ನೋಡುವಷ್ಟರಲ್ಲಿ ಚಕ್ರಕ್ಕೆ ಬೀಗ. ಕಾಣದ ಫಲಕಕ್ಕೆ ಒಪ್ಪಿಗೆ ಎಲ್ಲಿಂದ ಬಂತು ಎಂದು ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ತಿರುಳು ಆ ತೀರ್ಪಿನಲ್ಲಿದೆ.

ಬೀಗ ಹಾಕುವವರಿಗೆ ಪರವಾನಗಿ ಕಡ್ಡಾಯ ಮಾಡಿದರೂ ದೂರು ನಿಲ್ಲಲಿಲ್ಲ. ಕೊನೆಗೆ 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಬೀಗ ಅಪರಾಧವಾಯಿತು. ಬದಲಿಗೆ, ಚಾಲಕ ಯಾರೆಂದು ಗೊತ್ತಾಗದಿದ್ದರೆ ವಾಹನದ ನೋಂದಾಯಿತ ಹೊಣೆಗಾರನಿಂದಲೇ ಶುಲ್ಕ ಕೇಳಲು ಕಾನೂನು ಅವಕಾಶ ಕೊಟ್ಟಿತು. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಸರ್ಕಾರಿ ಇಲಾಖೆ 2.50 ಪೌಂಡ್ ಪಡೆದು ವಿಳಾಸ ಕೊಡುತ್ತದೆ, ಮನೆಗೆ ನೋಟಿಸ್ ಬರುತ್ತದೆ.

ಅಂಥ ನೋಟಿಸಿನ ಶುಲ್ಕ ಕಟ್ಟಲೊಲ್ಲದೆ ಸುಪ್ರೀಂ ಕೋರ್ಟ್‌ವರೆಗೆ ಹೋದವರು ಬ್ಯಾರಿ ಬೀವಿಸ್, ಮೀನಿನ ತಿಂಡಿಯಂಗಡಿ ನಡೆಸುತ್ತಿದ್ದವರು. ಚೆಲ್ಮ್ಸ್‌ಫರ್ಡ್‌ನ ಮಳಿಗೆಗಳ ಸಮುಚ್ಚಯದಲ್ಲಿ ಎರಡು ತಾಸು ಉಚಿತ. ಅವರು 56 ನಿಮಿಷ ಹೆಚ್ಚು ನಿಂತರು. ಶುಲ್ಕ 85 ಪೌಂಡ್. ಅಲ್ಲಿ ಸುಮಾರು 20 ದೊಡ್ಡ ಫಲಕಗಳಿದ್ದವು. ಗುತ್ತಿಗೆ ಸಂಸ್ಥೆ ಜಾಗದ ಒಡೆಯರಿಗೆ ವಾರಕ್ಕೆ 1,000 ಪೌಂಡ್ ಕೊಡುತ್ತಿತ್ತು. ಗಿರಾಕಿಗಳಿಗೆ ಜಾಗ ಸಿಗುವಂತೆ ನೋಡಿಕೊಳ್ಳುವುದು ನ್ಯಾಯವಾದ ಹಿತಾಸಕ್ತಿ, ಮೊತ್ತ ಅತಿಯಲ್ಲ ಎಂದು 2015ರ ನವೆಂಬರ್ 4ರಂದು ಕೋರ್ಟ್ ಹೇಳಿತು. ಏಳು ನ್ಯಾಯಮೂರ್ತಿಗಳಲ್ಲಿ ಒಬ್ಬರದು ಭಿನ್ನಮತ. ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ತಪ್ಪಿನಿಂದಲೇ ಬದುಕುವ ಲೆಕ್ಕಾಚಾರ ಬೀಗದ ಜೊತೆ ಹೋಗಲಿಲ್ಲ. ಖಾಸಗಿ ಪಾರ್ಕಿಂಗ್ ಕಂಪನಿಗಳಿಗೆ ಏಕರೂಪದ ಸಂಹಿತೆ ಇರಲೆಂದು 2019ರಲ್ಲಿ ಕಾಯ್ದೆ ಬಂತು. 2022ರ ಫೆಬ್ರುವರಿಯಲ್ಲಿ ಪ್ರಕಟವಾದ ಸಂಹಿತೆಯನ್ನು ಕಂಪನಿಗಳು ಪ್ರಶ್ನಿಸಿದ್ದರಿಂದ ಜೂನ್‌ನಲ್ಲೇ ಹಿಂದಕ್ಕೆ ಪಡೆಯಲಾಯಿತು.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಸಾರ್ವಜನಿಕ ಸ್ಥಳದ ವಾಹನ ತೆರವುಗೊಳಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿದೆ. ಬೆಂಗಳೂರಿನ ಗೇಟುಗಳ ಮೇಲೆ ಮಾತ್ರ ‘ಗಾಳಿ ಬಿಡಲಾಗುವುದು’ ಎಂಬ ಬೆದರಿಕೆ ತೂಗುತ್ತದೆ. ಅಂಗಡಿ ಮಾಲೀಕರೇ, ಆ ಬೋರ್ಡ್ ತೆಗೆಯಿರಿ. ಯಾರಿಗೆ ಜಾಗ, ಎಷ್ಟು ಹೊತ್ತು, ಮೀರಿದರೆ ಏನು ಎಂಬುದನ್ನು ಕಾರಿನ ಸೀಟಿನಿಂದಲೇ ಓದುವಂತೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ ಹಾಕಿ.