ಅಂತರಜಾಲ ಸಂಪರ್ಕಕ್ಕೆ ತೆರಿಗೆ: ಹೊರೆ ಯಾರ ಮೇಲೆ?

ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ದೊರೆಯತೊಡಗಿತು. ಅಂದು ಕೆಲವೇ ಸಂಸ್ಥೆಗಳಿಗೂ ಅನುಕೂಲಸ್ಥರಿಗೂ ಎಟುಕುತ್ತಿದ್ದ ಈ ಸೌಲಭ್ಯವು ಇಂದು ವ್ಯಾಸಂಗ, ಬ್ಯಾಂಕಿನ ವ್ಯವಹಾರ, ಉದ್ಯೋಗದ ಅರ್ಜಿ ಮುಂತಾದ ನಿತ್ಯದ ಕಾರ್ಯಗಳಿಗೆ ಅಗತ್ಯವೆನಿಸಿದೆ. ಹೀಗಿರುವಾಗ ಸಂಪರ್ಕದ ಮೇಲೆಯೇ ಸರ್ಕಾರವು ತೆರಿಗೆ ವಿಧಿಸುವುದು ಯುಕ್ತವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಇತರ ದೇಶಗಳ ಅನುಭವ

ಈ ವಿಷಯದಲ್ಲಿ ಎಲ್ಲ ದೇಶಗಳ ನೀತಿಯೂ ಒಂದೇ ಆಗಿಲ್ಲ. ಅಂತರಜಾಲ ಸಂಪರ್ಕದ ಮೇಲೆ ರಾಜ್ಯಗಳಾಗಲಿ ಸ್ಥಳೀಯ ಆಡಳಿತಗಳಾಗಲಿ ಹೊಸದಾಗಿ ತೆರಿಗೆ ಹಾಕಬಾರದೆಂದು ಅಮೆರಿಕವು 1998ರಲ್ಲಿ ಕಾಯಿದೆ ಮಾಡಿತು. ಮೊದಲು ಮೂರು ವರ್ಷಗಳಿಗೆ ಸೀಮಿತವಾಗಿದ್ದ ಈ ನಿಷೇಧವು ಹಲವು ಬಾರಿ ವಿಸ್ತರಣೆಗೊಂಡು, 2016ರಲ್ಲಿ ಶಾಶ್ವತವಾಯಿತು. ಹಂಗೇರಿಯ ಸರ್ಕಾರವು 2014ರಲ್ಲಿ ಪ್ರತಿ ಗಿಗಾಬೈಟ್ ಬಳಕೆಗೆ 150 ಫೋರಿಂಟ್ ತೆರಿಗೆಯನ್ನು ಪ್ರಸ್ತಾಪಿಸಿತಾದರೂ, ಭಾರಿ ಜನವಿರೋಧದ ಕಾರಣ ಅದನ್ನು ಕೈಬಿಟ್ಟಿತು. ಉಗಾಂಡವು 2018ರಿಂದ ಸಾಮಾಜಿಕ ಜಾಲತಾಣಗಳ ಬಳಕೆಗೆ ದಿನವೊಂದಕ್ಕೆ 200 ಶಿಲ್ಲಿಂಗ್ ವಿಧಿಸಿತು. ಸಿರಿವಂತನಿಗೂ ದಿನಗೂಲಿಯವನಿಗೂ ಈ ಮೊತ್ತ ಒಂದೇ ಆಗಿತ್ತು. 2021ರಲ್ಲಿ ಅದನ್ನು ರದ್ದುಪಡಿಸಿ, ಅಂತರಜಾಲ ಡೇಟಾದ ಮೇಲೆ ಶೇ. 12ರ ಅಬಕಾರಿ ಸುಂಕವನ್ನು ಜಾರಿಗೆ ತರಲಾಯಿತು.

ಭಾರತದ ವ್ಯವಸ್ಥೆ

ನಮ್ಮ ದೇಶದಲ್ಲಿ ಅಂತರಜಾಲಕ್ಕೆಂದೇ ಪ್ರತ್ಯೇಕ ತೆರಿಗೆಯಿಲ್ಲ. 2017ರ ಜುಲೈ 1ರಿಂದ ದೂರಸಂಪರ್ಕ ಸೇವೆಗಳೆಲ್ಲಕ್ಕೂ ಶೇ. 18ರ ಸರಕು ಮತ್ತು ಸೇವಾ ತೆರಿಗೆ ಅನ್ವಯಿಸುತ್ತದೆ. ಅದಕ್ಕೆ ಮುನ್ನ ಸೇವಾ ತೆರಿಗೆ ಹಾಗೂ ಉಪಕರಗಳು ಸೇರಿ ಶೇ. 15 ಇತ್ತು. ಗ್ರಾಹಕನು ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ದೆಹಲಿಯಲ್ಲಿರಲಿ, ದರ ಒಂದೇ. 100 ರೂಪಾಯಿಯ ಸೇವೆಗೆ ಅವನು 118 ರೂಪಾಯಿ ತೆರುತ್ತಾನೆ.

ಆದರೆ ಈ 18 ರೂಪಾಯಿಯ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ನೋಂದಾಯಿತ ವ್ಯಾಪಾರಿಯು ತನ್ನ ವ್ಯವಹಾರಕ್ಕಾಗಿ ಪಡೆದ ಸಂಪರ್ಕಕ್ಕೆ ತೆತ್ತ ತೆರಿಗೆಯನ್ನು, ತಾನು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಸಾಮಾನ್ಯವಾಗಿ ವಜಾ ಮಾಡಿಕೊಳ್ಳಬಹುದು. ವಿದ್ಯಾರ್ಥಿಗೆ, ಗೃಹಿಣಿಗೆ, ಕೂಲಿಕಾರನಿಗೆ ಆ ಅವಕಾಶವಿಲ್ಲ. ಆದಾಯ ಕಡಿಮೆಯಿದ್ದಷ್ಟೂ ಅದರಲ್ಲಿ ಈ ತೆರಿಗೆಯ ಪಾಲು ಹೆಚ್ಚುತ್ತದೆ.

ಹಾಗೆಂದು ಪೂರ್ಣ ವಿನಾಯಿತಿ ನೀಡಿದೊಡನೆ ಬೆಲೆಯು ಆ 18 ರೂಪಾಯಿಯಷ್ಟೇ ಇಳಿಯುವುದೆಂದು ಭಾವಿಸಲಾಗದು. ಸೇವೆಗೆ ವಿನಾಯಿತಿ ದೊರೆತರೆ, ಕಂಪನಿಯು ಉಪಕರಣಗಳ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಹಕ್ಕನ್ನು ಕಳೆದುಕೊಳ್ಳುತ್ತದೆ. ಆ ವೆಚ್ಚವು ಬೆಲೆಯೊಳಗೇ ಸೇರುತ್ತದೆ. ಸರ್ಕಾರದ ವರಮಾನದಲ್ಲಿ ಆಗುವ ಕೊರತೆಯನ್ನೂ ಬೇರೆಡೆಯಿಂದ ತುಂಬಬೇಕಾಗುತ್ತದೆ.

ಸಂಗ್ರಹವಾದ ಹಣದ ವಿನಿಯೋಗ

ತೆರಿಗೆಯಲ್ಲದೆ, ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಗೊಂಡ ಒಟ್ಟು ವರಮಾನದಲ್ಲಿ ಶೇ. 5ರಷ್ಟು ಭಾಗವನ್ನು ಗ್ರಾಮೀಣ ಸಂಪರ್ಕದ ನಿಧಿಗೆಂದು ಪಡೆಯಲಾಗುತ್ತದೆ. 2023ರ ದೂರಸಂಪರ್ಕ ಕಾಯಿದೆಯು ಇದಕ್ಕೆ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರನ್ನಿತ್ತಿದೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಒಯ್ಯುವ ಭಾರತ್‌ನೆಟ್ ಯೋಜನೆಗೆ ಹಣ ಒದಗುವುದು ಈ ನಿಧಿಯಿಂದಲೇ.

ಆದ್ದರಿಂದ ತೆರಿಗೆ ಬೇಕೇ ಬೇಡವೇ ಎಂಬುದಷ್ಟರಿಂದಲೇ ವಿಷಯವು ಇತ್ಯರ್ಥವಾಗದು. ತಲೆಗಿಷ್ಟು, ದಿನಕ್ಕಿಷ್ಟು ಎಂಬ ತೆರಿಗೆಯು ಬಡವನನ್ನು ಸಂಪರ್ಕದಿಂದಲೇ ದೂರವಿಡುತ್ತದೆ. ಬೆಲೆಗೆ ತಕ್ಕಂತೆ ವಿಧಿಸುವ ತೆರಿಗೆಯು ಅದಕ್ಕಿಂತ ಸಹ್ಯವಾದರೂ, ಅದರ ದರವು ಅತ್ಯಲ್ಪ ಆದಾಯದವನ ಕೈಗೂ ಎಟುಕುವಂತಿರಬೇಕು. ಸಂಪರ್ಕದಿಂದ ಬಂದ ಹಣವು ಸಂಪರ್ಕವಿಲ್ಲದವರ ಊರನ್ನು ತಲುಪಿದಾಗಲೇ ಅಂತಹ ತೆರಿಗೆಗೆ ಸಮರ್ಥನೆ ದೊರೆಯುತ್ತದೆ.