ಗುಬ್ಬಕ್ಕನಿಗೆ ಒಂದು ಗೂಡು

ಕಾಗಕ್ಕ ಗುಬ್ಬಕ್ಕನ ಕಥೆ ಯಾರಿಗೆ ಗೊತ್ತಿಲ್ಲ? ಅಜ್ಜಿ ಹೇಳಿದ್ದನ್ನು ಕೇಳಿ ನಾವೆಲ್ಲ ಬೆಳೆದೆವು. ನಮ್ಮ ಮಕ್ಕಳಿಗೂ ಹೇಳಿದೆವು. ಜೋರು ಮಳೆ ಬರುತ್ತೆ. ಕಾಗಕ್ಕನ ಮನೆ ಕೊಚ್ಚಿ ಹೋಗುತ್ತೆ. ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತೆ.

ಈಗ ಕಥೆ ತಿರುಗಿದೆ. ಮನೆ ಇಲ್ಲದವಳು ಗುಬ್ಬಕ್ಕ.

ಓದಿನ ಕೇಂದ್ರದಲ್ಲಿ ಈ ಮಾತು ಎತ್ತಿದೆವು. ಆಗ ಒಬ್ಬ ತಾಯಿ ಹೇಳಿದರು:

"ಹೋದ ವರ್ಷ ನಮ್ಮ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದ್ವಿ. ಕೆಡವೋ ದಿನ ತೊಲೆ ಸಂದಿಯಿಂದ ಗುಬ್ಬಿ ಗೂಡು ಬಿತ್ತು. ಒಳಗೆ ಮೂರು ಮರಿ. ಮೈಮೇಲೆ ರೆಕ್ಕೆನೂ ಬಂದಿರಲಿಲ್ಲ. ಮುಟ್ಟಬಾರದು ಅಂತ ನಾವು ಯಾರೂ ಮುಟ್ಟಲಿಲ್ಲ. ಸಾಯಂಕಾಲದವರೆಗೂ ತಾಯಿ ಗುಬ್ಬಿ ಅಲ್ಲೇ ಸುತ್ತಾಡ್ತಿತ್ತು. ಈಗ ಹೊಸ ಮನೆ ಚೆನ್ನಾಗಿದೆ. ಆದ್ರೆ ಬೆಳಗ್ಗೆ ಎದ್ರೆ ಬಿಕೋ ಅನ್ಸುತ್ತೆ."

ಕೂತಿದ್ದವರೆಲ್ಲ ಸುಮ್ಮನಾದರು. ಯಾಕೆಂದರೆ ಇದು ಅವರೊಬ್ಬರ ಮನೆ ಕಥೆಯಲ್ಲ.

ಗೀಜಗನ ಹಕ್ಕಿಯನ್ನು ನೋಡಿದ್ದೀರಿ. ಅದು ಮರಕ್ಕೆ ಜೋತು ಬಿದ್ದ ಗೂಡನ್ನು ತಾನೇ ಹೆಣೆಯುತ್ತೆ. ಗುಬ್ಬಿಯ ರೀತಿ ಬೇರೆ. ಗುಬ್ಬಿ ಹುಡುಕುವುದು ತೂತು, ಸಂದಿ, ಪೊಟರೆ. ಹೆಂಚಿನ ಅಡಿ, ಜಂತೆ ಮೂಲೆ, ಮಣ್ಣಿನ ಗೋಡೆಯ ಬಿರುಕು, ದೇವರ ಪಟದ ಹಿಂದೆ, ಹೀಗೆ ಎಲ್ಲಿ ಅಂಗೈ ಅಗಲ ಜಾಗ ಸಿಕ್ಕರೂ ಹುಲ್ಲು ತುಂಬಿ ಸಂಸಾರ ಹೂಡುತ್ತೆ. ಸಾವಿರಾರು ವರ್ಷದಿಂದ ಅದು ಮನುಷ್ಯರ ಮನೆಯನ್ನೇ ನಂಬಿದೆ. ನಾವು ಸಿಮೆಂಟ್ ಬಳಿದು ಸಂದಿಯೆಲ್ಲ ಮುಚ್ಚಿದೆವು. ತಪ್ಪೇನೂ ಅಲ್ಲ. ಸೋರದ ಮನೆ ನಮಗೂ ಬೇಕಲ್ಲ! ಆದರೆ ಗುಬ್ಬಿಗೆ ಜಾಗ ಹೋಯಿತು.

ಗುಬ್ಬಿ ಪೂರ್ತಿ ಅಳಿದು ಹೋಯಿತು ಅಂತ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಭಾರತದ ಹಕ್ಕಿಗಳ ಸ್ಥಿತಿ ಬಗ್ಗೆ 2020ರಲ್ಲಿ ಒಂದು ವರದಿ ಬಂತು. ದೇಶದ ತುಂಬ ಸಾವಿರಾರು ಜನ ಹಕ್ಕಿ ನೋಡಿ ಬರೆದಿಟ್ಟ ಲೆಕ್ಕ ಅದು. ಒಟ್ಟು ದೇಶದಲ್ಲಿ ಗುಬ್ಬಿ ಹೆಚ್ಚು ಕಡಿಮೆ ಮೊದಲಿನಷ್ಟೇ ಇದೆ, ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕಡಿಮೆಯಾಗಿದೆ ಅಂತ ಅದರಲ್ಲಿದೆ. ಮೊಬೈಲ್ ಟವರಿನಿಂದಲೇ ಹೀಗಾಯಿತು ಅನ್ನುವವರಿದ್ದಾರೆ. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಗೂಡಿಗೆ ಜಾಗ ಇಲ್ಲ, ಮರಿಗೆ ಹುಳ ಇಲ್ಲ. ಈ ಎರಡು ಮಾತ್ರ ನಮ್ಮ ಕಣ್ಣಿಗೇ ಕಾಣುತ್ತೆ. ದೆಹಲಿ ಸರ್ಕಾರ 2012ರಲ್ಲಿ ಗುಬ್ಬಿಯನ್ನು ತನ್ನ ರಾಜ್ಯದ ಹಕ್ಕಿ ಮಾಡಿಕೊಂಡಿತು. 2010ರಿಂದ ಮಾರ್ಚ್ 20ನ್ನು ಗುಬ್ಬಿಗಳ ದಿನ ಅಂತ ಆಚರಿಸುತ್ತಾರೆ.

"ಹುಳ ಯಾಕೆ? ಗುಬ್ಬಿ ಕಾಳು ತಿನ್ನೋದಲ್ವಾ?" ಅಂತ ನೀವು ಕೇಳಬಹುದು. ದೊಡ್ಡ ಗುಬ್ಬಿ ಕಾಳು ತಿನ್ನುತ್ತೆ. ನಾವು ಮೊರದಲ್ಲಿ ಕೇರುವಾಗ ಬಿದ್ದ ನುಚ್ಚು ಹೆಕ್ಕುತ್ತೆ. ಆದರೆ ಎಳೆ ಮರಿಗೆ ಕಾಳು ಅರಗುವುದಿಲ್ಲ. ಅದಕ್ಕೆ ಮೆತ್ತನೆ ಹುಳ ಬೇಕು. ಗಂಡು ಹೆಣ್ಣು ಎರಡೂ ಬೆಳಗಿನಿಂದ ಸಂಜೆವರೆಗೆ ಹುಳ ಹಿಡಿದು ತರುತ್ತವೆ. ಗಿಡದ ಎಲೆ ತಿನ್ನುವ ಹುಳಗಳೇ ಅವು.

ಜೋಳದ ತೆನೆಗೆ ಗುಬ್ಬಿ ಬೀಳುತ್ತೆ, ಸುಳ್ಳಲ್ಲ. ನಾವೂ ಡಬ್ಬ ಬಡಿದು ಓಡಿಸಿದವರೇ. ಆದರೆ ಚೀನಾ ದೇಶದಲ್ಲಿ ಆದದ್ದನ್ನು ಕೇಳಿ. ಗುಬ್ಬಿ ಕಾಳು ತಿನ್ನುತ್ತೆ ಅಂತ 1958ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೊಲ್ಲಲು ಹೇಳಿತು. ಅಲ್ಲಿಯದು ನಮ್ಮ ಗುಬ್ಬಿಯ ದಾಯಾದಿ ಜಾತಿ. ಜನ ಬೀದಿಗೆ ಬಂದು ತಟ್ಟೆ, ತಮಟೆ ಬಡಿದರು. ಗುಬ್ಬಿಗಳು ಕೂರಲಾರದೆ ಹಾರಿ ಹಾರಿ ಸುಸ್ತಾಗಿ ಸತ್ತು ಬಿದ್ದವು. ಆಮೇಲೆ ಹೊಲದಲ್ಲಿ ಹುಳ ಹೆಚ್ಚಿತು. ತಿನ್ನುವವರೇ ಇಲ್ಲ! 1960ರಲ್ಲಿ ಸರ್ಕಾರ ಗುಬ್ಬಿ ಕೊಲ್ಲುವುದನ್ನು ನಿಲ್ಲಿಸಿತು.

ಇನ್ನು ಗೂಡಿನ ವಿಷಯ. ದುಡ್ಡು ಬೇಕಿಲ್ಲ. ಹಣ್ಣಿನ ಪೆಟ್ಟಿಗೆಯ ಹಲಗೆ ಸಾಕು. ತಳ ಐದು ಇಂಚು ಉದ್ದ, ಐದು ಇಂಚು ಅಗಲ. ಎತ್ತರ ಎಂಟು ಇಂಚು. ಮೇಲೆ ಮುಚ್ಚಳ, ತೆಗೆಯುವ ಹಾಗೆ ಇರಲಿ. ನೀರು ನಿಲ್ಲದಂತೆ ತಳದಲ್ಲಿ ನಾಲ್ಕು ಸಣ್ಣ ತೂತು ಕೊರೆಯಿರಿ. ಒಳಗೆ ಬಣ್ಣ ಬಳಿಯಬೇಡಿ.

ಮುಂದಿನ ಬಾಗಿಲು ಮಾತ್ರ ಲೆಕ್ಕವಾಗಿರಬೇಕು. ದುಂಡನೆ ತೂತು, ಒಂದೂಕಾಲು ಇಂಚು ಅಗಲ. ಹತ್ತು ರೂಪಾಯಿ ನಾಣ್ಯವನ್ನು ಇಟ್ಟು ಗೆರೆ ಎಳೆದು, ಅದಕ್ಕಿಂತ ಸ್ವಲ್ಪವೇ ದೊಡ್ಡದು ಮಾಡಿ. ಇಷ್ಟರಲ್ಲಿ ಗುಬ್ಬಿ ನುಗ್ಗುತ್ತೆ, ಗೊರವಂಕ ನುಗ್ಗಲಾರದು. ತೂತು ತಳದಿಂದ ಐದು ಇಂಚು ಮೇಲಿರಲಿ. ಕೆಳಗಿದ್ದರೆ ಮರಿ ಜಾರಿ ಬೀಳುತ್ತೆ. ತೂತಿನ ಮುಂದೆ ಕೂರಲು ಕಡ್ಡಿ ಸಿಕ್ಕಿಸಬೇಡಿ. ಗುಬ್ಬಿಗೆ ಅದು ಬೇಡ. ಅದರ ಮೇಲೆ ಕಾಗೆ ಬಂದು ಕೂರುತ್ತೆ ಅಷ್ಟೆ.

ಹಲಗೆ ಇಲ್ಲವೇ? ಸಣ್ಣ ಮಡಕೆಯೂ ಆಗುತ್ತೆ. ಕುಂಬಾರರಿಗೆ ಹೇಳಿ. ಹಸಿ ಇರುವಾಗಲೇ ಪಕ್ಕದಲ್ಲಿ ತೂತು ಮಾಡಿ ಸುಟ್ಟು ಕೊಡುತ್ತಾರೆ. ಮಡಕೆಯ ಬಾಯನ್ನು ಮುಚ್ಚಿ ಬಿಗಿಯಿರಿ.

ಗೂಡನ್ನು ಸೂರಿನ ಕೆಳಗೆ, ಹತ್ತು ಅಡಿ ಎತ್ತರದಲ್ಲಿ ಹಾಕಿ. ಮಧ್ಯಾಹ್ನದ ಬಿಸಿಲು, ಮಳೆಯ ಇರಿಚಲು ಬಡಿಯಬಾರದು. ಬೆಕ್ಕು ಹತ್ತುವ ಗೋಡೆ, ಮೆಟ್ಟಿಲು ಹತ್ತಿರ ಬೇಡ. ಗಾಳಿಗೆ ತೂಗಾಡದ ಹಾಗೆ ಮೊಳೆ ಹೊಡೆಯಿರಿ. ಗುಬ್ಬಿಗೆ ನೆರೆಹೊರೆ ಬೇಕು. ಅಕ್ಕಪಕ್ಕದ ಮನೆಯವರೂ ಒಂದೊಂದು ಹಾಕಿದರೆ ಒಳ್ಳೇದು.

ಗಲೀಜು ಆಗುತ್ತೆ ಅಂತ ನಮ್ಮಲ್ಲೇ ಕೆಲವರು ಬೇಡ ಅಂದರು. ಆಗುತ್ತೆ, ಹೌದು. ಅದಕ್ಕೇ ಗೂಡು ಹೊರಗಿನ ಜಗಲಿಯಲ್ಲಿರಲಿ. ಅಡುಗೆ ಮನೆಯಲ್ಲಿ, ನೀರಿನ ಕೊಡದ ಮೇಲೆ ಬೇಡವೇ ಬೇಡ. ಒಳಗೆ ಗೂಡಿದ್ದರೆ ಫ್ಯಾನಿಗೆ ಸಿಕ್ಕಿ ಸಾಯುತ್ತವೆ. ಕನ್ನಡಿ ಕಂಡರೆ ಬೇರೆ ಗುಬ್ಬಿ ಬಂತು ಅಂತ ಕುಕ್ಕುತ್ತಲೇ ಇರುತ್ತವೆ. ಆಗ ಕನ್ನಡಿಗೊಂದು ಬಟ್ಟೆ ಹಾಕಿ.

ಮೊಟ್ಟೆ ಇಟ್ಟು ಹನ್ನೆರಡು ದಿನದ ಹೊತ್ತಿಗೆ ಮರಿ ಬರುತ್ತೆ. ಇನ್ನು ಹದಿನೈದು ದಿನಕ್ಕೆ ಹಾರುತ್ತೆ. ಆ ಒಂದು ತಿಂಗಳು ಮುಚ್ಚಳ ತೆಗೆದು ಇಣುಕಬೇಡಿ. ಮಕ್ಕಳಿಗೂ ಹೇಳಿ. ಅಂಗಳದಲ್ಲಿ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನಾ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತೆ.

ಈಗ ಆ ತಾಯಿ ಹೇಳಿದ ಮಾತಿಗೆ ಬರೋಣ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅಂತ ಎಲ್ಲರೂ ನಂಬಿದ್ದೇವೆ. ಅದು ಸರಿಯಲ್ಲ. ಮರಿ ಬಿದ್ದರೆ ಮೆಲ್ಲಗೆ ಎತ್ತಿ ಗೂಡಿಗೇ ಇಡಿ. ಗೂಡೇ ಬಿದ್ದಿದ್ದರೆ ಸಣ್ಣ ಬುಟ್ಟಿಯಲ್ಲಿ ಹುಲ್ಲಿನ ಸಮೇತ ಇಟ್ಟು, ಅದೇ ಜಾಗದ ಹತ್ತಿರ ಎತ್ತರದಲ್ಲಿ ಕಟ್ಟಿ ದೂರ ಸರಿಯಿರಿ. ಮರಿ ಕೂಗಿದರೆ ತಾಯಿ ಬರುತ್ತೆ. ಮನೆ ಕೆಡವುವುದಿದ್ದರೆ ಮೊದಲೇ ಸೂರು ನೋಡಿ. ಮರಿ ಇದ್ದರೆ ಆ ಒಂದು ಮೂಲೆ ಎರಡು ವಾರ ತಡೆಯಲಿ. ಮೇಸ್ತ್ರಿಗೆ ಹೇಳಿದರೆ ಕೇಳುತ್ತಾರೆ.

ಗೂಬೆಯ ಮಾತನ್ನೂ ಹೇಳಬೇಕು. ಗೂಬೆ ಹೊಕ್ಕರೆ ಮನೆಗೆ ಕೇಡು ಅಂತಾರೆ. ಕತ್ತರಿಸಿದ ಸೇಬಿನ ಹಾಗೆ ಬಿಳಿ ಮುಖವಿರುವ ಕಣಜ ಗೂಬೆ ಹಳೆ ಗುಡಿ, ಪಾಳು ಮನೆಯ ಪೊಟರೆಯಲ್ಲಿ ಇರುತ್ತೆ. ಅದರ ಮುಖ್ಯ ಊಟ ಇಲಿ. ಮಲೇಷ್ಯಾ ದೇಶದ ತೋಟಗಳಲ್ಲಿ ಇಲಿ ಹಿಡಿಯಲಿ ಅಂತಲೇ ಅದಕ್ಕೆ ಪೆಟ್ಟಿಗೆ ಕಟ್ಟಿ ಇಟ್ಟಿದ್ದಾರೆ. ನಾವಿಲ್ಲಿ ಕಲ್ಲು ಹೊಡೆದು ಓಡಿಸುತ್ತೇವೆ. ನಮ್ಮ ಕಾಳು ತಿನ್ನುವುದು ಗೂಬೆಯೋ ಇಲಿಯೋ, ನೀವೇ ಹೇಳಿ.

ಆ ತಾಯಿ ಹೊಸ ಮನೆಯ ಜಗಲಿಗೆ ಒಂದು ಪೆಟ್ಟಿಗೆ ಹೊಡೆಸಿದರು. ಎರಡು ತಿಂಗಳು ಒಂದು ಹಕ್ಕಿಯೂ ಬರಲಿಲ್ಲ. ಮನೆಯವರು ನಕ್ಕರು. ಮೂರನೇ ತಿಂಗಳು, ಕತ್ತಿನ ಕೆಳಗೆ ಕಪ್ಪು ಮಚ್ಚೆ ಇರುವ ಗಂಡು ಗುಬ್ಬಿ ಬಂದು ತೂತಿನಲ್ಲಿ ತಲೆ ಹಾಕಿತು. ಹೆಣ್ಣನ್ನು ಕರೆಯಿತು. ಮೊನ್ನೆ ಅವರು ಕೇಂದ್ರಕ್ಕೆ ಬಂದವರೇ ದೂರು ಹೇಳಿದರು:

"ನಮ್ಮ ಪೊರಕೆಯಿಂದಾನೇ ಕಡ್ಡಿ ಕೀಳ್ತಾ ಇದೆ ಕಣ್ರಮ್ಮ. ಹೊಸ ಪೊರಕೆ!"