ನಿಮಗಿದು ಗೊತ್ತೆ? ಕಡಲಹಕ್ಕಿಯ ಊಟಕ್ಕೆ ಘಟ್ಟದ ಕೆಸರು
ಕಡಬ, ಪುತ್ತೂರು, ಸುಳ್ಯಕ್ಕೆ ಕಡಲಿಲ್ಲ. ಆದರೂ ಕಡಲಂಚಿನ ಹಕ್ಕಿಗಳ ಊಟಕ್ಕೆ ಇಲ್ಲಿಂದಲೂ ಒಂದು ಪಾಲು ಹೋಗುತ್ತದೆ. ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಅಳಿವೆಗೆ, ಸುಳ್ಯದ ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನ ಅಳಿವೆಗೆ ಹೂಳು ಹೊತ್ತೊಯ್ಯುತ್ತವೆ. ಇಳಿತದ ಹೊತ್ತಿಗೆ ಆ ಕೆಸರು ತೆರೆದುಕೊಳ್ಳುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬರುವ ಗೊರವಗಳು ಹುಳು, ಏಡಿಮರಿ ಹೆಕ್ಕುವುದು ಆಗಲೇ. ಗಿಡ್ಡ ಕೊಕ್ಕಿನವು ಮೇಲ್ಪದರದಲ್ಲಿ, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಆಳದಲ್ಲಿ. ಒಂದೇ ಬಾಳೆಲೆ, ಜಗಳ ಕಮ್ಮಿ!

ಇಂಥ ಜೌಗು ನೆಲಗಳನ್ನು ಕಾಪಾಡಲೆಂದು ಆದ 1971ರ ರಾಮ್ಸಾರ್ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಇಳಿತದಲ್ಲಿ 6 ಮೀಟರ್ ಮೀರದ ಆಳದ ಕಡಲೂ ಜೌಗು ಪ್ರದೇಶವೇ. ನಮ್ಮ ಕರಾವಳಿಯಿಂದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದ್ದು ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಅದೂ 2024ರಲ್ಲಿ.